ಪಾಸೆ ಸ್ಯಾಂಪ್ಲ್: ಫ್ರೆಂಚರು ಓದುವ, ಆದರೆ ಆಡದ ಭೂತಕಾಲ

ಫ್ರೆಂಚ್ ಕಲಿಯತೊಡಗಿ ಎರಡು ವರ್ಷವಾದ ಮೇಲೆ ಧೈರ್ಯ ಮಾಡಿ ಒಂದು ಮಕ್ಕಳ ಕಥೆಯನ್ನು ಕೈಗೆತ್ತಿಕೊಂಡೆ. ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ, ಕೆಂಪು ಟೊಪ್ಪಿಗೆಯ ಪುಟ್ಟ ಹುಡುಗಿಯ ಕಥೆ. ಕಥೆಯೇನೋ ಗೊತ್ತಿದ್ದದ್ದೇ. ಆದರೆ ಕೊನೆಯಲ್ಲಿ ತೋಳ ಮಾಡುವ ಎರಡು ಕೆಲಸಗಳ ಮುಂದೆ ನಾನು ನಿಂತುಬಿಟ್ಟೆ: 'ಸ ಝತಾ', 'ಮಾಂಝಾ'. ಶಬ್ದಕೋಶದಲ್ಲಿ ಹುಡುಕಿದರೆ ಎರಡೂ ಇಲ್ಲ. 'ತಿನ್ನು' ಎಂಬುದಕ್ಕೆ 'ಮಾಂಝೇ' ಎಂದು ಗೊತ್ತಿತ್ತು; 'ತಿಂದಿತು' ಎನ್ನಲು 'ಆ ಮಾಂಝೇ' ಎನ್ನಬೇಕೆಂದು ತರಗತಿಯಲ್ಲಿ ಕಲಿತಿದ್ದೆ. ಈ 'ಮಾಂಝಾ' ಎಲ್ಲಿಂದ ಬಂತು? ಫ್ರಾನ್ಸಿನ ಐದು ವರ್ಷದ ಮಗು ಹಾಸಿಗೆಯಲ್ಲಿ ಮಲಗಿ ಕೇಳಿ ಅರ್ಥಮಾಡಿಕೊಳ್ಳುವ ಪದ ನನಗೆ ತಿಳಿಯಲಿಲ್ಲ. ಅಂದು ಪರಿಚಯವಾದದ್ದು ಪಾಸೆ ಸ್ಯಾಂಪ್ಲ್.

'ಪಾಸೆ' ಎಂದರೆ ಕಳೆದದ್ದು, ಭೂತಕಾಲ. 'ಸ್ಯಾಂಪ್ಲ್' ಎಂದರೆ ಸರಳ. ಕಲಿಯಲು ಸುಲಭ ಎಂದು ಈ ಹೆಸರು ಬಂದಿಲ್ಲ. ಕ್ರಿಯೆಯನ್ನು ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ ಎಂಬ ಕಾರಣಕ್ಕೆ ಬಂದಿದೆ. ಇದರ ಜೊತೆಗಾರ ಪಾಸೆ ಕೊಂಪೋಸೆ, ಅಂದರೆ ಜೋಡಿಸಿ ಕಟ್ಟಿದ ಭೂತಕಾಲ. 'ಇಲ್ ಆ ಪಾರ್ಲೇ' ಎಂಬಲ್ಲಿ 'ಆ' ಸಹಾಯಕ ಕ್ರಿಯಾಪದ, 'ಪಾರ್ಲೇ' ಕೃದಂತ. 'ಇಲ್ ಪಾರ್ಲಾ' ಎಂಬಲ್ಲಿ ಸಹಾಯಕವೇ ಇಲ್ಲ. ಕನ್ನಡಕ್ಕೆ ತಂದರೆ ಎರಡೂ 'ಅವನು ಮಾತನಾಡಿದನು' ಎಂದೇ ಆಗುತ್ತವೆ. ಮೊದಲನೆಯದು ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಕೇಳಿಸುತ್ತದೆ. ಎರಡನೆಯದು ಕಾದಂಬರಿ, ಇತಿಹಾಸ, ಜೀವನಚರಿತ್ರೆ, ಕೆಲವೊಮ್ಮೆ ಪತ್ರಿಕೆಯ ವರದಿಗಳಲ್ಲಿ ಕಾಣುತ್ತದೆ.

ಇನ್ನು ರೂಪಗಳಿಗೆ ಬರೋಣ. ಫ್ರೆಂಚ್ ಉಚ್ಚಾರಣೆಯನ್ನು ಕನ್ನಡ ಅಕ್ಷರಗಳಲ್ಲಿ ಸುಮಾರಾಗಿ ಮಾತ್ರ ಹಿಡಿಯಬಹುದು. ಆದರೂ ಇಲ್ಲಿನ ಗುಟ್ಟು ಸ್ವರದಲ್ಲಿ ಇರುವುದರಿಂದ ನಮ್ಮ ಲಿಪಿ ಚೆನ್ನಾಗಿಯೇ ಒದಗಿಬರುತ್ತದೆ. ಬರಹದಲ್ಲಿ 'ಇ-ಆರ್' ಎಂದು ಕೊನೆಯಾಗುವ ಕ್ರಿಯಾಪದಗಳೇ ಆ ಭಾಷೆಯಲ್ಲಿ ಬಹುಪಾಲು. ಆ ಎರಡು ಅಕ್ಷರಗಳನ್ನು ಕಳಚಿದರೆ ಧಾತು ಉಳಿಯುತ್ತದೆ. ನಾವು 'ಮಾಡಿದೆನು, ಮಾಡಿದೆ, ಮಾಡಿದನು, ಮಾಡಿದೆವು, ಮಾಡಿದಿರಿ, ಮಾಡಿದರು' ಎಂದು ಆರು ರೂಪ ಹೇಳುವಂತೆ ಅಲ್ಲಿಯೂ ಆರು: ಝ ಪಾರ್ಲೇ, ತ್ಯು ಪಾರ್ಲಾ, ಇಲ್ ಪಾರ್ಲಾ, ನು ಪಾರ್ಲಾಮ್, ವು ಪಾರ್ಲಾತ್, ಇಲ್ ಪಾರ್ಲೆರ್. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟರೆ ಉಳಿದ ನಾಲ್ಕರಲ್ಲೂ 'ಆ' ಕಾರವೇ ಮೊಳಗುತ್ತದೆ. ಹಾಡಿದನು 'ಶಾಂತಾ', ನೋಡಿದನು 'ರಗಾರ್ದಾ', ಬಿದ್ದನು 'ತೊಂಬಾ'. ಒಂದನ್ನು ಕಲಿತರೆ ಸಾವಿರಾರು ಕ್ರಿಯಾಪದಗಳು ಕೈವಶವಾಗುತ್ತವೆ.

'ಐ-ಆರ್' ಎಂದು ಕೊನೆಯಾಗುವ ನಿಯಮಿತ ಕ್ರಿಯಾಪದಗಳೂ 'ಆರ್-ಇ' ಎಂದು ಕೊನೆಯಾಗುವ ನಿಯಮಿತ ಕ್ರಿಯಾಪದಗಳೂ 'ಈ' ಕಾರದ ಪಂಗಡದವು. 'ಫಿನೀರ್' (ಮುಗಿಸು) ಎಂಬುದು ಫಿನೀ, ಫಿನೀ, ಫಿನೀ, ಫಿನೀಮ್, ಫಿನೀತ್, ಫಿನೀರ್ ಎಂದಾಗುತ್ತದೆ. 'ವಾಂದ್ರ್' (ಮಾರು) ಎಂಬುದು ವಾಂದೀ, ವಾಂದೀ, ವಾಂದೀ, ವಾಂದೀಮ್, ವಾಂದೀತ್, ವಾಂದೀರ್. ಬಹುವಚನದ ಮೂರು ವ್ಯಂಜನಗಳು, ಅಂದರೆ ಮ್, ತ್, ರ್, ಮೊದಲ ಪಂಗಡದಲ್ಲಿದ್ದವೇ. ಬದಲಾದದ್ದು ಸ್ವರ ಮಾತ್ರ.

ಕಲಿಯುವವರು ಎಡವುವ ಕೆಲವು ತಾಣಗಳಿವೆ. 'ಫಿನೀ' ಏಕವಚನದ ಮೂರೂ ರೂಪಗಳು ವರ್ತಮಾನಕಾಲದಲ್ಲೂ ಅಕ್ಷರಶಃ ಹೀಗೆಯೇ ಇರುತ್ತವೆ. 'ಇಲ್ ಫಿನೀ' ಎಂದರೆ ಮುಗಿಸುತ್ತಾನೆಯೋ ಮುಗಿಸಿದನೋ ಎಂಬುದನ್ನು ಅಕ್ಕಪಕ್ಕದ ವಾಕ್ಯಗಳೇ ಹೇಳಬೇಕು. 'ವಾಂದ್ರ್' ಈ ಗೊಂದಲ ತರುವುದಿಲ್ಲ: ಮಾರುತ್ತಾನೆ ಎನ್ನಲು 'ವಾಂ', ಮಾರಿದನು ಎನ್ನಲು 'ವಾಂದೀ'. ಇನ್ನು ನನ್ನನ್ನು ಸತಾಯಿಸಿದ 'ಮಾಂಝಾ'. ಫ್ರೆಂಚ್ ಬರಹದಲ್ಲಿ 'ಜಿ' ಅಕ್ಷರದ ಮುಂದೆ 'ಎ' ಅಕ್ಷರ ಬಂದರೆ 'ಗಾ' ಎಂದು ಓದಬೇಕಾಗುತ್ತದೆ. ಹಾಗಾಗದಿರಲೆಂದು ನಡುವೆ ಮೌನವಾದ ಒಂದು 'ಇ' ಅಕ್ಷರವನ್ನು ಇಡುತ್ತಾರೆ. ಉಚ್ಚಾರಣೆಯಲ್ಲಿ ಅದಕ್ಕೆ ಜಾಗವಿಲ್ಲ. 'ಗ' ಆಗಬಹುದಾಗಿದ್ದುದನ್ನು 'ಝ' ಆಗಿ ಕಾಯುವುದಷ್ಟೇ ಅದರ ಕೆಲಸ. 'ಮಾಂಝೆರ್' (ತಿಂದರು) ಎಂಬಲ್ಲಿ ಪ್ರತ್ಯಯವೇ 'ಇ' ಅಕ್ಷರದಿಂದ ಶುರುವಾಗುವುದರಿಂದ ಆ ಕಾವಲುಗಾರ ಬೇಕಿಲ್ಲ. 'ಕೊಮಾಂಸಾ' (ಆರಂಭಿಸಿದನು) ಎಂಬಲ್ಲಿ 'ಸಿ' ಅಕ್ಷರದ ಕೆಳಗೆ ಪುಟ್ಟ ಬಾಲ ಅಂಟಿಸುವುದೂ ಇದೇ ಕಾರಣಕ್ಕೆ, 'ಸ' ಕಾರ 'ಕ' ಕಾರವಾಗದಿರಲೆಂದು.

'ಪಾರ್ಲಾಮ್', 'ಪಾರ್ಲಾತ್' ರೂಪಗಳನ್ನು ಬರೆಯುವಾಗ ಸ್ವರದ ತಲೆಯ ಮೇಲೆ ಒಂದು ಟೊಪ್ಪಿಗೆ ಚಿಹ್ನೆ ಬರುತ್ತದೆ. ಅದು ನನಗೆ ಬಹಳ ಪ್ರಿಯವಾದ ಚಿಹ್ನೆ, ಏಕೆಂದರೆ ಅದರಡಿ ಒಂದು ಸತ್ತ ಅಕ್ಷರ ಮಲಗಿದೆ. 'ನೀವು ಹಾಡಿದಿರಿ' ಎನ್ನಲು ಲ್ಯಾಟಿನ್‌ನಲ್ಲಿ 'ಕಾಂತಾಸ್ತಿಸ್' ಎಂಬ ರೂಪವಿತ್ತು. ಹಳೆಯ ಫ್ರೆಂಚ್‌ನಲ್ಲೂ ಆ 'ಸ್' ಇತ್ತು. ಕಾಲಕ್ರಮದಲ್ಲಿ ನಾಲಿಗೆಯಿಂದ ಜಾರಿಹೋಯಿತು. ಅದರ ಗುರುತಿಗೆ ಟೊಪ್ಪಿಗೆ ಉಳಿಯಿತು. 'ನಾವು' ರೂಪದಲ್ಲಿ ಮೂಲತಃ 'ಸ್' ಇರಲೇ ಇಲ್ಲ. ಪಕ್ಕದ ರೂಪವನ್ನು ನೋಡಿ ಅದೂ ಟೊಪ್ಪಿಗೆ ತೊಟ್ಟಿತು. ಏಕವಚನದ 'ಅವನು' ರೂಪಕ್ಕೆ ಮಾತ್ರ ಟೊಪ್ಪಿಗೆ ತೊಡಿಸಬಾರದು: 'ಇಲ್ ಫಿನೀ'ಗೆ ಅದನ್ನು ಹಾಕಿದರೆ ಬೇರೊಂದು ಕ್ರಿಯಾರೂಪವೇ ಆಗಿಬಿಡುತ್ತದೆ.

ರೂಪಗಳನ್ನು ಬಾಯಿಪಾಠ ಮಾಡಿದರೂ ಈ ಕಾಲ ಏನು ಮಾಡುತ್ತದೆ ಎಂಬುದು ತಿಳಿಯದಿದ್ದರೆ ಓದು ಒಣಗಿಹೋಗುತ್ತದೆ. ಒಂದು ಚಿಕ್ಕ ಉದಾಹರಣೆ: 'ಲಾ ಪ್ಲುಯಿ ತೊಂಬೆ. ಲಾ ಪೋರ್ತ್ ಕ್ಲಾಕಾ.' ಮಳೆ ಸುರಿಯುತ್ತಿತ್ತು. ಬಾಗಿಲು ಬಡಿಯಿತು. 'ತೊಂಬೆ' ಎಂಬುದು ಆ್ಯಂಪರ್ಫೆ ಎಂಬ ಇನ್ನೊಂದು ಭೂತಕಾಲ. ಆದಿ ಅಂತ್ಯ ಹೇಳದೆ ಹಿನ್ನೆಲೆಯಾಗಿ ಹರಡಿಕೊಳ್ಳುತ್ತದೆ. 'ಕ್ಲಾಕಾ' ಪಾಸೆ ಸ್ಯಾಂಪ್ಲ್. ಆಯಿತು, ಮುಗಿಯಿತು, ಕಥೆ ಒಂದು ಹೆಜ್ಜೆ ಮುಂದೆ ಹೋಯಿತು. 'ಮಳೆ ಬಿತ್ತು' ಎಂದು ಅದನ್ನೂ ಒಂದು ಘಟನೆಯಾಗಿ ಹೇಳಬೇಕಿದ್ದರೆ 'ತೊಂಬಾ' ಎನ್ನಬೇಕಿತ್ತು. 'ಎ' ಮತ್ತು 'ಆ' ಎಂಬ ಎರಡು ಸ್ವರಗಳ ನಡುವೆ ಕಥೆಯ ದೃಶ್ಯವೂ ಚಲನೆಯೂ ಹಂಚಿಹೋಗಿವೆ. ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ತ್ 1959ರ ಒಂದು ಲೇಖನದಲ್ಲಿ ಪಾಸೆ ಸ್ಯಾಂಪ್ಲ್ ಕುರಿತು ಬರೆದದ್ದು ನನಗೆ ಈಗಲೂ ಸರಿಯೆನಿಸುತ್ತದೆ: ಇಲ್ಲಿ ಹೇಳುವವನು ಮರೆಯಾಗುತ್ತಾನೆ, ಘಟನೆಗಳು ತಮ್ಮನ್ನು ತಾವೇ ಹೇಳಿಕೊಳ್ಳುವಂತೆ ತೋರುತ್ತದೆ. ಪೆರೋನ ಕಥೆ 'ಮಾಂಝಾ' ಎಂಬಲ್ಲಿಗೆ ಮುಗಿಯುತ್ತದೆ. ಮುಂದೆ ನೀತಿಪದ್ಯವಿದೆ, ಅಷ್ಟೇ; ಹುಡುಗಿಯನ್ನು ಉಳಿಸಲು ಯಾವ ಬೇಟೆಗಾರನೂ ಬರುವುದಿಲ್ಲ. ಆ ಒಂದು 'ಆ' ಕಾರ ಬಾಗಿಲು ಹಾಕಿದಂತೆ ಕೇಳಿಸುತ್ತದೆ.

ಹಿಂದೆ ಜನ ಇದನ್ನು ಮಾತಿನಲ್ಲೂ ಬಳಸುತ್ತಿದ್ದರು. ಪೋರ್ ರೊಯಾಲ್ ವ್ಯಾಕರಣ ಎಂಬ 1660ರ ಫ್ರೆಂಚ್ ಗ್ರಂಥದಲ್ಲಿ ಇದಕ್ಕೊಂದು ನಿಯಮವಿದೆ: ಕೆಲಸ ನಡೆದದ್ದಕ್ಕೂ ಅದನ್ನು ಹೇಳುವುದಕ್ಕೂ ನಡುವೆ ಕನಿಷ್ಠ ಒಂದು ದಿನ ಕಳೆದಿರಬೇಕು. ನಿನ್ನೆ ಬರೆದದ್ದಕ್ಕೆ ಪಾಸೆ ಸ್ಯಾಂಪ್ಲ್ ಸಲ್ಲುತ್ತದೆ, ಇಂದು ಬೆಳಿಗ್ಗೆ ಬರೆದದ್ದಕ್ಕೆ ಸಲ್ಲದು. ಕ್ರಮೇಣ ಜೋಡಿರೂಪವೇ ನಿನ್ನೆಯನ್ನೂ ಆಕ್ರಮಿಸಿತು. ಆಲ್ಬೇರ್ ಕಾಮು 1942ರಲ್ಲಿ ತಮ್ಮ ಮೊದಲ ಕಾದಂಬರಿಯನ್ನು ಪ್ರಕಟಿಸಿದಾಗ ಓದುಗರು ಬೆಚ್ಚಿದ ಕಾರಣಗಳಲ್ಲಿ ಒಂದು ಇದೇ: ಕಥೆ ಬಹುಮಟ್ಟಿಗೆ ಪಾಸೆ ಕೊಂಪೋಸೆಯಲ್ಲಿ, ಎದುರು ಕುಳಿತು ಹೇಳಿದಂತೆ ಸಾಗುತ್ತದೆ. ಇಂದು ಗೆಳೆಯರ ನಡುವೆ 'ನು ಪಾರ್ಲಾಮ್' ಎಂದರೆ ನಗು ಎದ್ದೀತು. ಕಾದಂಬರಿಗಳಲ್ಲೂ ಹೆಚ್ಚಾಗಿ ಕಾಣುವುದು 'ಅವನು', 'ಅವಳು', 'ಅವರು' ರೂಪಗಳೇ. ಆದ್ದರಿಂದ ಹೊಸದಾಗಿ ಕಲಿಯುವವರಿಗೆ ನನ್ನ ಸಲಹೆ: ಪಾರ್ಲಾ, ಪಾರ್ಲೆರ್, ಫಿನೀ, ಫಿನೀರ್ ಎಂಬ ನಾಲ್ಕನ್ನು ಮೊದಲು ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಉಳಿದವು ಓದುತ್ತ ಓದುತ್ತ ಬರುತ್ತವೆ.

ಕನ್ನಡಿಗರಿಗೆ ಈ ಅಂತರ ತೀರಾ ಅಪರಿಚಿತವೂ ಅಲ್ಲ. ನಾವು ಬಾಯಲ್ಲಿ 'ಬಂದ' ಎನ್ನುತ್ತೇವೆ, ಪುಸ್ತಕದಲ್ಲಿ 'ಬಂದನು' ಎಂದು ಬರೆಯುತ್ತೇವೆ. ಆದರೆ ಇನ್ನೂ ಹತ್ತಿರದ ಹೋಲಿಕೆ ಬೇರೆಡೆ ಇದೆ. 'ಬಂದಿದ್ದಾನೆ' ಎಂಬುದನ್ನು ಬಿಡಿಸಿದರೆ ಬಂದು, ಇದ್ದಾನೆ. ಕೃದಂತಕ್ಕೆ ಸಹಾಯಕ ಸೇರಿದೆ, ಪಾಸೆ ಕೊಂಪೋಸೆಯ ಕಟ್ಟಡವೂ ಅದೇ. 'ಮಾವ ಬಂದಿದ್ದಾನೆ' ಎಂದರೆ ಮಾವ ಇನ್ನೂ ಜಗಲಿಯಲ್ಲಿ ಕುಳಿತಿದ್ದಾನೆ. 'ಮಾವ ಬಂದನು' ಎಂದರೆ ಬಂದದ್ದಷ್ಟೇ ಗೊತ್ತು, ಈಗ ಎಲ್ಲಿದ್ದಾನೋ. ಫ್ರೆಂಚ್ ಜೋಡಿರೂಪವೂ ಒಂದು ಕಾಲದಲ್ಲಿ ಹೀಗೆಯೇ ಇಂದಿಗೆ ಅಂಟಿಕೊಂಡಿತ್ತು. ನಮ್ಮಲ್ಲಿ ಎರಡೂ ತಮ್ಮ ತಮ್ಮ ಕೆಲಸ ಉಳಿಸಿಕೊಂಡಿವೆ. ಅಲ್ಲಿ 'ಬಂದಿದ್ದಾನೆ' ಎಂಬಂಥದ್ದು 'ಬಂದನು' ಎಂಬುದರ ಕೆಲಸವನ್ನೂ ಮಾತಿನಲ್ಲಿ ಕಿತ್ತುಕೊಂಡಿತು.

ಎಲ್ಲೆಡೆಯೂ ಕಿತ್ತುಕೊಳ್ಳಲಿಲ್ಲ. ಕೆನಡಾದ ನೋವಾ ಸ್ಕಾಟಿಯಾದಲ್ಲಿ ಬೇ ಸ್ಯಾಂತ್ ಮಾರಿ ಎಂಬ ಕೊಲ್ಲಿಯ ದಂಡೆಯಲ್ಲಿ ಅಕೇಡಿಯನ್ ಫ್ರೆಂಚ್ ಆಡುವ ಊರುಗಳಿವೆ. ಅಲ್ಲಿನವರ ದಿನನಿತ್ಯದ ಮಾತಿನಲ್ಲಿ ಪಾಸೆ ಸ್ಯಾಂಪ್ಲ್ ಉಳಿದು ಬಂದಿದೆ. ಪುಸ್ತಕದ 'ಆ' ಪಂಗಡ ಅವರಲ್ಲಿಲ್ಲ. 'ಇ-ಆರ್' ಕ್ರಿಯಾಪದಗಳಿಗೂ ಅವರು 'ಈ' ಕಾರವನ್ನೇ ಹಚ್ಚುತ್ತಾರೆ. ಪ್ಯಾರಿಸಿನ ಪುಸ್ತಕದಲ್ಲಿ 'ಪಾರ್ಲಾ' ಎಂದು ಅಚ್ಚಾಗಿರುವುದು ಅಲ್ಲಿನ ಅಜ್ಜಿಯ ಬಾಯಲ್ಲಿ 'ಪಾರ್ಲೀ' ಎಂದು ಕೇಳಿಸುತ್ತದೆ.