ಪದ ಪರಿಚಯ: ‘ಅಟ್ರಿಬ್ಯೂಟೆಬಲ್’

ವಿರಾಜಪೇಟೆ ಕಡೆಯ ನಮ್ಮ ನೆರೆಮನೆಯ ಹವಾಲ್ದಾರ್ ಮಾವ ಮೊನ್ನೆ ತಮ್ಮ ಕಪ್ಪು ಟ್ರಂಕು ತೆಗೆಸಿದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಆರ್ಮಿ ನಂಬರು ಅರ್ಧ ಅಳಿಸಿದೆ. ಡಿಸ್ಚಾರ್ಜ್ ಬುಕ್ಕಿನ ಕೆಳಗೆ ನಾಲ್ಕು ಮಡಿಕೆ ಮಾಡಿಟ್ಟ ಒಂದು ಜೆರಾಕ್ಸ್ ಸಿಕ್ಕಿತು. ನಿವೃತ್ತಿಗೆ ಮುಂಚೆ ಕೂತ ರಿಲೀಸ್ ಮೆಡಿಕಲ್ ಬೋರ್ಡಿನ ವರದಿ ಅದು. ರಕ್ತದೊತ್ತಡ, ಅಂಗವೈಕಲ್ಯ ಶೇ 30. ‘ಅಟ್ರಿಬ್ಯೂಟೆಬಲ್’ ಎದುರು ‘ನೋ’, ‘ಅಗ್ರವೇಟೆಡ್’ ಎದುರೂ ‘ನೋ’.

ಗಾಯವೋ ಕಾಯಿಲೆಯೋ ಸೈನ್ಯದ ಸೇವೆಯ ಕಾರಣದಿಂದಲೇ ಬಂದಿದ್ದರೆ ಅದು ಅಟ್ರಿಬ್ಯೂಟೆಬಲ್. ಬೇರೆ ಕಾರಣಕ್ಕೆ ಬಂದು, ಸೇವೆಯ ಒತ್ತಡದಲ್ಲಿ ಉಲ್ಬಣಿಸಿದ್ದರೆ ಅಗ್ರವೇಟೆಡ್. ಎರಡರಲ್ಲಿ ಒಂದಕ್ಕೆ ‘ಹೌದು’ ಎಂದಿದ್ದು, ಅಂಗವೈಕಲ್ಯ ಶೇ 20 ಅಥವಾ ಹೆಚ್ಚಿದ್ದರೆ ಪೆನ್ಷನ್ನಿಗೆ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಅಂಗವೈಕಲ್ಯದ ಮೊತ್ತ, ಸೇರುತ್ತದೆ. ಎರಡೂ ‘ನೋ’ ಆದರೆ ಇಲ್ಲ.

“ಕೈಕಾಲು ನೆಟ್ಟಗಿದೆ, ನಾನ್ಯಾಕೆ ಅಂಗವಿಕಲ ಅಂತ ಬರೆಸಿಕೊಳ್ಳಲಿ?” ಎಂದರು ಮಾವ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಈ ಮಾತು ಎಷ್ಟೋ ಮನೆಯಲ್ಲಿ ಕೇಳಿದ್ದೇನೆ. ಆ ಸ್ವಾಭಿಮಾನದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಎರಡು ‘ನೋ’ಗಳ ಭಾರ ಕೊನೆಗೆ ಬೀಳುವುದು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆಯ ಮೇಲೆ.

ಹೇಗೆಂದರೆ, ಡಿಸೆಬಿಲಿಟಿ ಎಲಿಮೆಂಟ್ ಯೋಧನ ಜೊತೆಗೇ ನಿಂತುಹೋಗುತ್ತದೆ, ಪತ್ನಿಗೆ ಬರುವುದಿಲ್ಲ. ಅವರಿಗೆ ಸಿಗುವುದು ಫ್ಯಾಮಿಲಿ ಪೆನ್ಷನ್. ಸಾಮಾನ್ಯ ದರ ಕೊನೆಯ ವೇತನದ ಶೇ 30. (ಮೊದಲ 7 ವರ್ಷ, ಅಥವಾ ಗಂಡ ಬದುಕಿದ್ದರೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯ ತನಕ ಶೇ 50.) ಆದರೆ ಸೇವೆಗೆ ಸಂಬಂಧಿಸಿದ್ದೆಂದು ಒಪ್ಪಿಕೊಂಡ ಕಾಯಿಲೆಯಿಂದಲೇ ಸಾವು ಬಂದಿದ್ದರೆ ಸ್ಪೆಷಲ್ ಫ್ಯಾಮಿಲಿ ಪೆನ್ಷನ್, ಶೇ 60. ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ: ಒಂದರಲ್ಲಿ 12,000, ಇನ್ನೊಂದರಲ್ಲಿ 24,000. ತುಟ್ಟಿಭತ್ಯೆ ಬೇರೆ.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅಂಶವಿದೆ. ಡಿಸೆಬಿಲಿಟಿ ಪೆನ್ಷನ್ ಪಡೆಯುತ್ತಿದ್ದವರು ಮನೆಯಲ್ಲೇ ತೀರಿಕೊಂಡು, ಅದೇ ಕಾಯಿಲೆಯಿಂದ ಹೋದರೆಂದು ವೈದ್ಯಕೀಯವಾಗಿ ಖಚಿತವಾಗಿ ಹೇಳಲು ಆಗದಿದ್ದರೆ, ನಿವೃತ್ತಿಯಾದ ಮೇಲೆ ನಿಗದಿತ ವರ್ಷಗಳೊಳಗಿನ ಸಾವಿಗೆ ಸಂಶಯದ ಲಾಭ ಕುಟುಂಬಕ್ಕೆ ಎನ್ನುತ್ತವೆ 1982ರ ಅರ್ಹತಾ ನಿಯಮಗಳು. ಆ ಅವಧಿ ದಾಟಿದರೆ ಲಾಭ ಸರ್ಕಾರಕ್ಕೆ. ಗಮನಿಸಿ, ‘ಪಡೆಯುತ್ತಿದ್ದವರು’. ಕ್ಲೇಮನ್ನೇ ಹಾಕದವರ ಹೆಂಡತಿಗೆ ಈ ಆಸರೆಯೂ ಇಲ್ಲ. ಗಂಡ ಬದುಕಿದ್ದಾಗ ಒಂದು ಸಹಿಯಲ್ಲಿ ಶುರುವಾಗಬಹುದಿದ್ದ ಕೆಲಸಕ್ಕೆ, ಅವರು ಹೋದ ಮೇಲೆ ಆಕೆ ಯೂನಿಟ್ಟಿನ ಹೆಸರಿನಿಂದ ಹಿಡಿದು ಎಲ್ಲವನ್ನೂ ಹುಡುಕಿ ತರಬೇಕು.

‘ನೋ’ ಬರೆದಿದ್ದರೆ ಅದೇ ಕೊನೆಯಲ್ಲ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸೇರುವಾಗ ದಾಖಲೆಯಲ್ಲಿ ಕಾಯಿಲೆ ಇಲ್ಲದಿದ್ದರೆ ಆರೋಗ್ಯವಂತರಾಗಿಯೇ ಸೇರಿದರೆಂದು ಭಾವಿಸಬೇಕು, ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ ಎಂದು ಸಾಧಿಸುವ ಹೊಣೆ ಸೈನ್ಯದ್ದು, ಸಂಬಂಧಿಸಿದ್ದೆಂದು ಸಾಧಿಸುವ ಹೊಣೆ ಯೋಧನದ್ದಲ್ಲ. ಮರುವರ್ಷ ರಾಮ್ ಅವತಾರ್ ಪ್ರಕರಣದಲ್ಲಿ, ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇ 50ಕ್ಕಿಂತ ಕಡಿಮೆಯಿದ್ದ ಅಂಗವೈಕಲ್ಯವನ್ನು 50ಕ್ಕೆ ಏರಿಸುವ ‘ಬ್ರಾಡ್ ಬ್ಯಾಂಡಿಂಗ್’ ಸಿಕ್ಕಿತು. ‘ನೋ’ ವಿರುದ್ಧದ ಮೇಲ್ಮನವಿ ತಿರಸ್ಕೃತವಾದರೆ ಬೆಂಗಳೂರಿನಲ್ಲೇ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವಿದೆ. ತಡವಾಗಿ ಹೋದವರಿಗೆ ಹಿಂಬಾಕಿ ಸಾಮಾನ್ಯವಾಗಿ 3 ವರ್ಷದ್ದು ಮಾತ್ರ. 2023ರ ಸೆಪ್ಟೆಂಬರ್ 21ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಹೊಸ ನಿಯಮಗಳಿವೆ, ಅವರು ಅದನ್ನೇ ನೋಡಬೇಕು.

ಕಾಗದಗಳಲ್ಲಿ ಮೆಡಿಕಲ್ ಬೋರ್ಡಿನ ಪ್ರತಿಯೇ ಮುಖ್ಯ. ಪಿಪಿಒದಲ್ಲಿ (ಪೆನ್ಷನ್ ಪಾವತಿ ಆದೇಶ) ಪತ್ನಿಯ ಹೆಸರು, ಜನ್ಮದಿನಾಂಕ ಆಧಾರ್‌ಗೆ ಹೊಂದುತ್ತಿದೆಯೇ ನೋಡಿ. ನಮ್ಮಲ್ಲಿ ಮನೆತನದ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಇರುವುದೇ ಇಲ್ಲ. ಇನ್ನೊಂದು: ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಅದು ವೈದ್ಯರು ಬೇರೆಯಾಗಿ ಬರೆಯುವ ಪತ್ರದಲ್ಲಿರುತ್ತದೆ, ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಅರ್ಜಿ ಬರೆಯಲು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಹಾಯ ಕೇಳಬಹುದು.

ಇಷ್ಟನ್ನೂ ಕೇಳಿ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅತ್ತೆ ಒಳಗಿಂದ ಅವರ ಕನ್ನಡಕ ತಂದು ಆ ಜೆರಾಕ್ಸಿನ ಮೇಲಿಟ್ಟರು.