ಹಣ್ಣಿನ ರಸ ಹಿಡಿದು ನಿಲ್ಲಿಸುವ ವಿದ್ಯೆ

ತಾಜಾ ಅನಾನಸ್ ಹಿಂಡಿ, ಸೋಸಿ, ಗಮ್ಮಿ ಎಂಬ ಅಗಿಯುವ ಮಿಠಾಯಿ ಮಾಡಲೆಂದು ಆ ರಸಕ್ಕೆ, ಜೆಲ್ಲಿ ಕಟ್ಟಿಸುವ ಜೆಲಾಟಿನ್ ಪುಡಿಯನ್ನು ಕರಗಿಸಿ ಬೆರೆಸಿ ಫ್ರಿಜ್‌ನಲ್ಲಿಟ್ಟು ನೋಡಿ. ರಾತ್ರಿಯಿಡೀ ಇಟ್ಟರೂ ಅದು ರಸವಾಗಿಯೇ ಇರುತ್ತದೆ. ಜೆಲಾಟಿನ್ ದುಪ್ಪಟ್ಟು ಹಾಕಿದರೂ ಪ್ರಯೋಜನವಿಲ್ಲ. ಅದೇ ಅನಾನಸ್ ಡಬ್ಬಿಯಿಂದ ಬಂದದ್ದಾದರೆ ಗಮ್ಮಿ ಯಾವ ತಕರಾರೂ ಇಲ್ಲದೆ ಗಟ್ಟಿಯಾಗುತ್ತದೆ. ಕಿತ್ತಳೆ ಅಥವಾ ದ್ರಾಕ್ಷಿಯ ರಸಕ್ಕಂತೂ ಈ ತೊಂದರೆಯೇ ಇಲ್ಲ. ನಿಮಗಿಷ್ಟವಾದ ಯಾವುದಾದರೂ ರಸ ಒಂದು ಕಪ್ ಎಂದು ಧಾರಾಳವಾಗಿ ಬರೆದುಬಿಡುವ ಪಾಕವಿಧಾನಗಳು ಈ ವಿಷಯದಲ್ಲಿ ಮೌನ ವಹಿಸುತ್ತವೆ. ಆದರೆ ತಾಜಾ ರಸವೆಂದರೆ ಬಣ್ಣ ಮತ್ತು ಸಿಹಿ ಸೇರಿದ ಬರಿಯ ನೀರಲ್ಲ. ಅದರಲ್ಲಿ ಆಮ್ಲವಿದೆ, ಇನ್ನೂ ಕೆಲಸ ನಿಲ್ಲಿಸದ ಕಿಣ್ವಗಳಿವೆ. ಗಮ್ಮಿ ಮಾಡುವವರು ಮೊದಲು ಇವುಗಳ ಜೊತೆ ರಾಜಿ ಮಾಡಿಕೊಳ್ಳಬೇಕು.

ಗಮ್ಮಿ ಗಟ್ಟಿಯಾಗಿ ಕಾಣುತ್ತದೆ ನಿಜ, ಆದರೆ ಅದರೊಳಗಿನ ನೀರು ಗಟ್ಟಿಯಾಗಿರುವುದಿಲ್ಲ. ನೀರಿನ ಅಣುಗಳು ಲೋಟದಲ್ಲಿದ್ದಾಗ ಹೇಗೋ ಹೆಚ್ಚುಕಡಿಮೆ ಹಾಗೆಯೇ ಓಡಾಡಿಕೊಂಡಿರುತ್ತವೆ. ಅವುಗಳ ನಡುವೆ ಉದ್ದನೆಯ ಪ್ರೋಟೀನ್ ಎಳೆಗಳು ಒಂದಕ್ಕೊಂದು ತಳಕು ಹಾಕಿಕೊಂಡು ಜಾಲವಾಗಿರುವುದರಿಂದ ಇಡೀ ದ್ರವ ಹರಿಯಲಾರದೆ ನಿಂತಿರುತ್ತದೆ. ನೂರು ಗ್ರಾಂ ರಸವನ್ನು ಹೀಗೆ ಹಿಡಿದು ನಿಲ್ಲಿಸಲು ಹತ್ತು ಗ್ರಾಂ ಎಳೆ ಸಾಕು. ಚಮಚದಲ್ಲಿ ತಿನ್ನುವ ಮೆತ್ತನೆಯ ಜೆಲ್ಲಿಗೆ ಎರಡು ಗ್ರಾಂ ಇದ್ದರೂ ಆಯಿತು.

ಈ ಎಳೆಗಳು ಬರುವುದು ಪ್ರಾಣಿಗಳ ಚರ್ಮ, ಮೂಳೆ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನಿಂದ. ಕೊಲಾಜನ್ ಅಣುವಿನ ರಚನೆ ಬಹುಕಾಲ ಒಗಟಾಗಿತ್ತು. ಅದರಲ್ಲಿ ಸುರುಳಿಯಾಕಾರದ ಮೂರು ಸರಪಳಿಗಳು ಜೊತೆಗೂಡಿವೆ ಎಂಬ ಮಾದರಿಯನ್ನು ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ಎಳೆ ಸೇರಿಸಿ ಹೊಸೆದ ಹುರಿಯಂತೆ ಇರುವ ಈ ಅಣುವಿನಲ್ಲಿ, ಪ್ರೋಟೀನ್ ಸರಪಳಿಯ ಕೊಂಡಿಗಳಾದ ಅಮೈನೋ ಆಮ್ಲಗಳ ಪೈಕಿ ಪ್ರತಿ ಮೂರನೆಯದು ಗ್ಲೈಸಿನ್. ಅದು ಅಮೈನೋ ಆಮ್ಲಗಳಲ್ಲೆಲ್ಲ ಅತ್ಯಂತ ಚಿಕ್ಕದು. ಮೂರು ಸರಪಳಿಗಳು ಒತ್ತಾಗಿ ಕೂಡುವ ನಡುಭಾಗದಲ್ಲಿ ಅದಕ್ಕಿಂತ ದೊಡ್ಡದಕ್ಕೆ ಜಾಗವೇ ಇಲ್ಲ.

ಚರ್ಮ, ಮೂಳೆಗಳನ್ನು ಆಮ್ಲ ಅಥವಾ ಕ್ಷಾರದಲ್ಲಿ ನೆನೆಸಿ ಬಿಸಿನೀರಿನಲ್ಲಿ ಕಾಯಿಸಿದಾಗ ಹುರಿ ಬಿಚ್ಚಿಕೊಳ್ಳುತ್ತದೆ, ಎಳೆಗಳು ಬೇರೆಯಾಗುತ್ತವೆ. ಅದೇ ಜೆಲಾಟಿನ್. ಬಿಸಿ ರಸದಲ್ಲಿ ಎಳೆಗಳು ಒಂಟಿಯಾಗಿ ತೇಲುತ್ತಿರುತ್ತವೆ. ರಸ ತಣಿಯುತ್ತಿದ್ದಂತೆ ಅವು ಮತ್ತೆ ಹುರಿಯಾಗಲು ಹವಣಿಸುತ್ತವೆ. ಆದರೆ ಮೊದಲಿನ ಜೊತೆಗಾರರು ಎಲ್ಲೋ ಚದುರಿಹೋಗಿರುತ್ತಾರೆ. ಹಾಗಾಗಿ ಒಂದೇ ಎಳೆ ಇಲ್ಲೊಂದು ತುಣುಕು ಈ ನೆರೆಯವರೊಂದಿಗೆ, ಅಲ್ಲೊಂದು ತುಣುಕು ಆ ನೆರೆಯವರೊಂದಿಗೆ ಸುತ್ತಿಕೊಂಡು ಕೂರುತ್ತದೆ. ಎಲ್ಲ ಎಳೆಗಳೂ ಸರಿಯಾದ ಜೊತೆಗಾರರನ್ನೇ ಹುಡುಕಿಕೊಂಡಿದ್ದರೆ ಜಾಲವೇ ಆಗುತ್ತಿರಲಿಲ್ಲ. ಈ ಗೊಂದಲವೇ ಗಮ್ಮಿಯ ಬಲ. ಸುತ್ತಿಕೊಳ್ಳುವ ಕೆಲಸ ನಿಧಾನ. ಕೆಲವೇ ನಿಮಿಷಗಳಲ್ಲಿ ಮೇಲ್ನೋಟಕ್ಕೆ ಗಟ್ಟಿಯಾದ ಗಮ್ಮಿ ಮರುದಿನ ಇನ್ನಷ್ಟು ಬಿಗಿಯಾಗಿರುವುದು ಇದರಿಂದಲೇ.

ಈ ತಾತ್ಕಾಲಿಕ ಸುರುಳಿಗಳು 30ರಿಂದ 35 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಬಿಚ್ಚಿಕೊಳ್ಳುತ್ತವೆ. ಬಾಯೊಳಗಿನ ಉಷ್ಣತೆ ಅದಕ್ಕಿಂತ ತುಸು ಹೆಚ್ಚು. ಜೆಲಾಟಿನ್ ಗಮ್ಮಿ ನಾಲಿಗೆಯ ಮೇಲೆ ಕರಗಿ, ಹಿಡಿದಿಟ್ಟ ರಸವನ್ನೆಲ್ಲ ಒಮ್ಮೆಗೇ ಬಿಟ್ಟುಕೊಡುವುದು ಈ ಕಾಕತಾಳೀಯದ ಕೃಪೆ. ಬೇರೆ ಯಾವ ಪದಾರ್ಥವೂ ಈ ಒಂದು ಗುಣದಲ್ಲಿ ಜೆಲಾಟಿನ್‌ಗೆ ಸರಿಸಾಟಿಯಾಗಿಲ್ಲ.

ಜೆಲಾಟಿನ್ ಪೊಟ್ಟಣದ ಮೇಲೆ ಕೆಲವೊಮ್ಮೆ ಬ್ಲೂಮ್ ಎಂದು ಬರೆದು ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಆಸ್ಕರ್ ಬ್ಲೂಮ್ ಎಂಬವರು 1925ರಲ್ಲಿ ಪೇಟೆಂಟ್ ಪಡೆದ ಉಪಕರಣದಿಂದ ಬಂದ ಅಳತೆ ಇದು. ಶೇ. 6.67ರ ಜೆಲಾಟಿನ್ ದ್ರಾವಣವನ್ನು 10 ಡಿಗ್ರಿಯಲ್ಲಿ ಸುಮಾರು 17 ಗಂಟೆ ಇಟ್ಟು, ಅರ್ಧ ಇಂಚು ಅಗಲದ ದಂಡವನ್ನು 4 ಮಿಲಿಮೀಟರ್ ಆಳಕ್ಕೆ ಒತ್ತಲು ಎಷ್ಟು ಗ್ರಾಂ ಭಾರ ಬೇಕೆಂದು ನೋಡುತ್ತಾರೆ. ಅಗ್ಗದ ಜೆಲಾಟಿನ್‌ನ ಬಲ ನೂರರ ಆಸುಪಾಸಿನಲ್ಲಿದ್ದರೆ, ಗಮ್ಮಿಗೆ ಹೊಂದುವುದು 220ರಿಂದ 250ರದ್ದು. ಒಂದೇ ಪಾಕವಿಧಾನ ಒಬ್ಬರ ಕೈಯಲ್ಲಿ ಪುಟಿಯುವ ಗಮ್ಮಿಯಾಗಿ, ಇನ್ನೊಬ್ಬರ ಕೈಯಲ್ಲಿ ಜೋಲುವ ಜೆಲ್ಲಿಯಾಗಿ ಹೊರಬಂದರೆ ಕೈಗುಣವನ್ನು ದೂರುವ ಮೊದಲು ಈ ಸಂಖ್ಯೆಯನ್ನು ನೋಡಬೇಕು.

ಇನ್ನು ಅನಾನಸ್. ಅದರ ರಸದಲ್ಲಿ ಬ್ರೋಮೆಲೈನ್ ಎಂಬ ಕಿಣ್ವಗಳಿವೆ. ಪ್ರೋಟೀನ್ ಸರಪಳಿಯನ್ನು ಕತ್ತರಿಸುವುದೇ ಅವುಗಳ ಕಸುಬು. ಪಪ್ಪಾಯಿಯಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್, ಅಂಜೂರದಲ್ಲಿ ಫಿಸಿನ್ ಇದೇ ಕೆಲಸ ಮಾಡುತ್ತವೆ. ರುಚಿಗೆಂದು ಹಸಿ ಶುಂಠಿಯ ರಸ ಹಿಂಡುವವರಿಗೂ ಒಂದು ಎಚ್ಚರಿಕೆ: ಅದರಲ್ಲಿಯೂ ಇಂಥ ಕಿಣ್ವವಿದೆ. ಉದ್ದನೆಯ ಎಳೆ ನಾಲ್ಕಾರು ನೆರೆಯವರನ್ನು ಜೋಡಿಸಬಲ್ಲದು, ಕತ್ತರಿಸಿದ ಚೂರುಗಳಿಂದ ಅದು ಆಗದು. ಕಿಣ್ವದ ಇನ್ನೊಂದು ಗುಣವೆಂದರೆ ಅದು ಖರ್ಚಾಗುವುದಿಲ್ಲ. ಒಂದು ಕಡೆ ಕತ್ತರಿಸಿ ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ಜೆಲಾಟಿನ್ ಎಷ್ಟು ಸುರಿದರೂ ಕಿಣ್ವಕ್ಕೆ ಹೆಚ್ಚಿನ ಕೆಲಸ ಕೊಟ್ಟಂತಾಗುವುದೇ ಹೊರತು ಗಮ್ಮಿ ಆಗುವುದಿಲ್ಲ.

ಇದಕ್ಕೆ ಮದ್ದು ಬಿಸಿ. ಕಿಣ್ವವೂ ಒಂದು ಪ್ರೋಟೀನ್. ಸಾಕಷ್ಟು ಕಾಯಿಸಿದರೆ ಅದರ ಆಕಾರ ಕೆಡುತ್ತದೆ, ಆಕಾರದ ಜೊತೆ ಕತ್ತರಿಸುವ ಶಕ್ತಿಯೂ ಹೋಗುತ್ತದೆ. ಡಬ್ಬಿಯ ಅನಾನಸ್ ಸಭ್ಯವಾಗಿ ವರ್ತಿಸುವುದು ಕಾರ್ಖಾನೆಯಲ್ಲಿ ಅದನ್ನು ಆಗಲೇ ಬೇಯಿಸಿರುವುದರಿಂದ. ಪಪೈನ್ ಮಾತ್ರ ಸ್ವಲ್ಪ ಹಟಮಾರಿ, ಬ್ರೋಮೆಲೈನ್‌ಗಿಂತ ಹೆಚ್ಚು ಬಿಸಿ ತಡೆದುಕೊಳ್ಳುತ್ತದೆ. ಆದ್ದರಿಂದ ಈ ಗುಂಪಿನ ಯಾವ ರಸವನ್ನಾದರೂ ಚೆನ್ನಾಗಿ ಕುದಿ ಬರಿಸಿ, ಕೆಲವು ನಿಮಿಷ ಕುದಿಸಿ, ಬಳಿಕ 60 ಡಿಗ್ರಿಗೆ ಆರಿಸಿ ಜೆಲಾಟಿನ್ ಸೇರಿಸುವುದು ಕ್ಷೇಮ. ಕೊನೆಯಲ್ಲಿ ತಾಜಾತನ ಇರಲಿ ಎಂದು ಒಂದು ಚಮಚ ಹಸಿ ರಸ ಬೆರೆಸಿದರೆ ಮಾಡಿದ್ದೆಲ್ಲ ನೀರಾಗುತ್ತದೆ, ಅಕ್ಷರಶಃ.

ಕುದಿಸುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಹಣ್ಣಿನ ಪರಿಮಳದ ಅಣುಗಳು ಹಗುರ, ಆವಿಯ ಜೊತೆ ಅವೂ ಹಾರಿಹೋಗುತ್ತವೆ. ವಿಟಮಿನ್ ಸಿ ಸ್ವಲ್ಪ ನಾಶವಾಗುತ್ತದೆ. ಕಿವಿ ಹಣ್ಣಿನ ಎಳೆ ಹಸಿರು ಮಂಕಾಗಿ ಕಂದು ಮಿಶ್ರಿತ ಹಸಿರಾಗುತ್ತದೆ, ಯಾಕೆಂದರೆ ಬಿಸಿ ಮತ್ತು ಆಮ್ಲ ಸೇರಿದಾಗ ಕ್ಲೋರೋಫಿಲ್ ಅಣುವಿನ ನಡುವಿನ ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಕಿವಿಯನ್ನು ಬೇಯಿಸಿ ಗಮ್ಮಿ ಮಾಡುವುದಕ್ಕಿಂತ ಹಾಗೆಯೇ ತಿನ್ನುವುದು ಮೇಲು. ಕಿತ್ತಳೆ, ದ್ರಾಕ್ಷಿ, ದಾಳಿಂಬೆ, ಸ್ಟ್ರಾಬೆರಿಗಳಿಗೆ ಕುದಿಸುವ ಅಗತ್ಯವೇ ಇಲ್ಲದಿರುವುದರಿಂದ ತಾಜಾ ರುಚಿಯ ಆಸೆ ಇರುವವರಿಗೆ ಅವೇ ಸರಿ. ಸ್ವಭಾವ ಗೊತ್ತಿಲ್ಲದ ಹಣ್ಣಾದರೆ ಗಟ್ಟಿಯಾದ ಜೆಲ್ಲಿಯ ಮೇಲೆ ಅದರ ಹಸಿ ತುಂಡೊಂದನ್ನು ಇಟ್ಟು ಕೆಲವು ಗಂಟೆ ಬಿಡಿ. ತುಂಡಿನ ಕೆಳಗೆ ಜೆಲ್ಲಿ ಕರಗಿ ಗುಂಡಿ ಬಿದ್ದಿದ್ದರೆ ಕಿಣ್ವ ಇದೆಯೆಂದು ಅರ್ಥ.

ಜೆಲಾಟಿನ್ ಹೀಗೆ ಕರಗಿ ಕೈಕೊಡುವುದು ಅಡುಗೆಮನೆಗಿಂತ ಮೊದಲು ವಿಜ್ಞಾನಿಗಳ ತಲೆ ಕೆಡಿಸಿತ್ತು. 1880ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ಜೆಲಾಟಿನ್ ಹಾಸಿನ ಮೇಲೆ ಬೆಳೆಸುತ್ತಿದ್ದರು. ರೋಗಾಣುಗಳಿಗೆ ಬೇಕಾದ 37 ಡಿಗ್ರಿಗೆ ಹಾಸು ಕರಗಿಬಿಡುತ್ತಿತ್ತು. ಕರಗದಿದ್ದರೆ ಕೆಲವು ಬ್ಯಾಕ್ಟೀರಿಯಾಗಳೇ ಅದನ್ನು ಕತ್ತರಿಸಿ ನೀರಾಗಿಸುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರಿಗೆ ಪರಿಹಾರ ಸೂಚಿಸಿದ್ದು ಪತ್ನಿ ಫ್ಯಾನಿ ಹೆಸ್ಸೆ. ಮನೆಯಲ್ಲಿ ಹಣ್ಣಿನ ಜೆಲ್ಲಿಗೆ ಬಳಸುತ್ತಿದ್ದ ಅಗರ್ ಅನ್ನೇ ಇಲ್ಲಿಯೂ ಏಕೆ ಬಳಸಬಾರದು ಎಂದರು ಆಕೆ. ಕಾಕ್ 1882ರ ತಮ್ಮ ಕ್ಷಯರೋಗದ ಪ್ರಬಂಧದಲ್ಲಿ ಅಗರ್ ಅನ್ನು ಪ್ರಸ್ತಾಪಿಸಿದರು, ಹೆಸ್ಸೆ ದಂಪತಿಯ ಹೆಸರು ಹೇಳಲಿಲ್ಲ. ಇಂದಿಗೂ ಪ್ರಯೋಗಾಲಯಗಳ ಪೆಟ್ರಿ ತಟ್ಟೆಗಳಲ್ಲಿ ಅಗರ್ ಇದೆ.

ಅಗರ್ ಸಿಗುವುದು ಗೆಲಿಡಿಯಂ, ಗ್ರಾಸಿಲೇರಿಯಾ ಮುಂತಾದ ಕೆಂಪು ಕಡಲಪಾಚಿಗಳಿಂದ. ಅದು ಪ್ರೋಟೀನ್ ಅಲ್ಲ, ಸಕ್ಕರೆಯ ಘಟಕಗಳ ಸರಪಳಿ. ಹಾಗಾಗಿ ಬ್ರೋಮೆಲೈನ್ ಅದರ ಗೊಡವೆಗೆ ಹೋಗುವುದಿಲ್ಲ. ಸಸ್ಯಾಹಾರಿಗಳಿಗೂ ಅದು ನಿರಾತಂಕ. ಅದಕ್ಕೊಂದು ವಿಚಿತ್ರ ಗುಣವಿದೆ: ಸುಮಾರು 35ರಿಂದ 40 ಡಿಗ್ರಿಗೆ ಗಟ್ಟಿಯಾಗುವ ಅಗರ್ ಮತ್ತೆ ಕರಗಬೇಕಾದರೆ 85 ಡಿಗ್ರಿ ದಾಟಬೇಕು. ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತದೆ, ಬಿಸಿಲಿನ ದಿನದಲ್ಲೂ ಕರಗುವುದಿಲ್ಲ. ಅದೇ ಕಾರಣಕ್ಕೆ ಬಾಯಲ್ಲೂ ಕರಗುವುದಿಲ್ಲ. ರಸ ಜಾಲದೊಳಗೇ ಸಿಕ್ಕಿಕೊಂಡಿರುವುದರಿಂದ ಅಗಿದಷ್ಟೇ ರುಚಿ ಹೊರಬರುತ್ತದೆ. ಆದ್ದರಿಂದ ಸಿಹಿ, ಹುಳಿ ಎರಡನ್ನೂ ಒಂದು ಕೈ ಹೆಚ್ಚು ಹಾಕಬೇಕು. ಅಗರ್ ಪುಟಿಯುವುದಿಲ್ಲ, ಕಚ್ಚಿದರೆ ಪಟ್ಟನೆ ಮುರಿಯುತ್ತದೆ. ಜೆಲಾಟಿನ್‌ನ ಎಳೆತ ಅದರಿಂದ ಬರಲಿ ಎಂದು ನಿರೀಕ್ಷಿಸಿದವರಿಗೆ ನಿರಾಶೆ ಖಚಿತ. ಅದನ್ನು ಬೇರೆಯೇ ಒಂದು ತಿನಿಸೆಂದು ಒಪ್ಪಿಕೊಂಡವರಿಗೆ ಮಾತ್ರ ಅದು ಹಿಡಿಸುತ್ತದೆ.

ಅಗರ್ ಬಳಸುವಾಗ ರಸದ ಆಮ್ಲವನ್ನು ಮರೆಯಬಾರದು. ಆಮ್ಲ ಮತ್ತು ಕುದಿತ ಒಟ್ಟಿಗೆ ಬಂದರೆ ಅಗರ್ ಸರಪಳಿ ತುಂಡಾಗುತ್ತದೆ. ಒಟ್ಟು 250 ಮಿಲಿಲೀಟರ್‌ಗೆ ನಾಲ್ಕು ಗ್ರಾಂನಷ್ಟು ಅಗರ್ ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಒಂದೆರಡು ನಿಮಿಷ ಕುದಿಸಿ ಪೂರ್ತಿ ಕರಗಿಸಿ, ಒಲೆ ಆರಿಸಿದ ಮೇಲೆ ಬೆಚ್ಚಗಿನ ರಸ ಬೆರೆಸಬೇಕು. ಫ್ರಿಜ್‌ನಿಂದ ತೆಗೆದ ರಸ ಸುರಿದರೆ ಬಿದ್ದ ಜಾಗದಲ್ಲೇ ಹೆಪ್ಪುಗಟ್ಟಿ ಗಂಟಾಗುತ್ತದೆ.

ಹಣ್ಣುಗಳಲ್ಲೇ ಇರುವ ಪೆಕ್ಟಿನ್ ಎಂಬ ಮೂರನೆಯ ದಾರಿಯೂ ಇದೆ. ಜಾಮ್ ಗಟ್ಟಿಯಾಗುವುದು ಅದರಿಂದಲೇ. ಸಾಮಾನ್ಯ ಪೆಕ್ಟಿನ್‌ಗೆ ಶೇ. 60ರ ಹತ್ತಿರ ಸಕ್ಕರೆಯೂ 3ರ ಆಸುಪಾಸಿನ ಪಿಎಚ್ ಮಟ್ಟವೂ, ಅಂದರೆ ಸಾಕಷ್ಟು ಹುಳಿಯೂ, ಬೇಕು. ರಸದ ರುಚಿ ಬೇಕೆಂದು ಹೊರಟವರು ಕೊನೆಗೆ ಸಕ್ಕರೆಯ ರುಚಿ ಪಡೆದು ಹಿಂದಿರುಗುತ್ತಾರೆ.

ಜೆಲಾಟಿನ್ ದಾರಿ ಹಿಡಿದವರಿಗೆ ವಿಧಾನ ಸರಳ. 250 ಮಿಲಿಲೀಟರ್ ರಸಕ್ಕೆ 25ರಿಂದ 30 ಗ್ರಾಂ ಪುಡಿ. ಮೂರನೇ ಒಂದು ಭಾಗ ತಣ್ಣನೆಯ ರಸದ ಮೇಲೆ ಪುಡಿಯನ್ನು ಉದುರಿಸಿ ಹತ್ತು ನಿಮಿಷ ಬಿಡಿ. ಪ್ರತಿ ಕಣವೂ ನೀರು ಹೀರಿ ಉಬ್ಬಲು ಸಮಯ ಬೇಕು. ನೇರವಾಗಿ ಬಿಸಿ ರಸಕ್ಕೆ ಹಾಕಿದರೆ ಕಣದ ಹೊರಪದರ ಅಂಟಾಗಿ ಒಳಗೆ ಒಣ ಪುಡಿ ಉಳಿಯುತ್ತದೆ. ಉಳಿದ ರಸವನ್ನು 60 ಡಿಗ್ರಿಗೆ, ಅಂದರೆ ಹಬೆಯಾಡಲು ಶುರುವಾಗುವಷ್ಟು, ಬಿಸಿ ಮಾಡಿ ಉಬ್ಬಿದ ಜೆಲಾಟಿನ್ ಕರಗಿಸಿ. ಕುದಿಸಿದರೆ ಎಳೆಗಳು ತುಂಡಾಗಿ ಬಲ ಕುಗ್ಗುತ್ತದೆ. ನಿಂಬೆಯಂಥ ಹುಳಿಯ ರಸದಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಆದ್ದರಿಂದ ಹೆಚ್ಚುವರಿ ಹುಳಿಯನ್ನು ಅಚ್ಚಿಗೆ ಸುರಿಯುವ ಮುನ್ನ ಸೇರಿಸುವುದು ಲೇಸು.

ಅಂಗಡಿಯ ಗಮ್ಮಿ ತಿಂಗಳುಗಟ್ಟಲೆ ಕೆಡದೆ ಇರುವಾಗ ಮನೆಯದು ವಾರ ದಾಟುವುದಿಲ್ಲ. ಇದರ ಗುಟ್ಟು ಕೇವಲ ಸಂರಕ್ಷಕಗಳಲ್ಲಿಲ್ಲ. ಕಾರ್ಖಾನೆಯ ಗಮ್ಮಿಯಲ್ಲಿ ನೀರು ಸುಮಾರು ಐದನೇ ಒಂದು ಭಾಗ ಮಾತ್ರ, ಉಳಿದದ್ದು ಬಹುಪಾಲು ಸಕ್ಕರೆ ಮತ್ತು ಗ್ಲೂಕೋಸ್ ಪಾಕ. ಕುದಿಸಿ ಇಂಗಿಸಿದ ಪಾಕವನ್ನು ಪಿಷ್ಟದ ಪುಡಿಯಲ್ಲಿ ಒತ್ತಿದ ಅಚ್ಚುಗಳಿಗೆ ಸುರಿದು ಒಂದೆರಡು ದಿನ ಒಣಗಿಸುತ್ತಾರೆ. ಉಳಿದ ಅಲ್ಪ ನೀರನ್ನೂ ಸಕ್ಕರೆ ಬಿಗಿಯಾಗಿ ಹಿಡಿದಿರುವುದರಿಂದ ಸೂಕ್ಷ್ಮಜೀವಿಗಳಿಗೆ ಅದು ದಕ್ಕುವುದಿಲ್ಲ. ಹೀಗೆ ಜೀವಿಗಳಿಗೆ ಲಭ್ಯವಿರುವ ನೀರನ್ನು 0ಯಿಂದ 1ರ ಮಾನದಲ್ಲಿ ಅಳೆಯುತ್ತಾರೆ. ಶುದ್ಧ ನೀರಿಗೆ 1. ಹೆಚ್ಚಿನ ಬ್ಯಾಕ್ಟೀರಿಯಾಗಳು 0.9ಕ್ಕಿಂತ ಕೆಳಗೆ ಬೆಳೆಯಲಾರವು, 0.6ರ ಕೆಳಗೆ ಬೂಷ್ಟು ಕೂಡ ಬೆಳೆಯದು. ಬರಿಯ ರಸದ ಗಮ್ಮಿ ಮಾತ್ರ 1ರ ಹತ್ತಿರವೇ ಇರುತ್ತದೆ. ಜೊತೆಗೆ ಸಕ್ಕರೆ, ಪ್ರೋಟೀನ್ ಬೇರೆ. ಅದನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲೇ ಇಟ್ಟು ನಾಲ್ಕೈದು ದಿನಗಳಲ್ಲಿ ಮುಗಿಸಬೇಕು. ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿದರೆ ಮಂಜಿನ ಹರಳುಗಳು ಜಾಲವನ್ನು ಹರಿಯುತ್ತವೆ, ಹೊರತೆಗೆದಾಗ ಗಮ್ಮಿ ನೀರು ಬಿಡುತ್ತದೆ.

ಮನೆಯ ಗಮ್ಮಿಯನ್ನು ಆರೋಗ್ಯದ ತಿನಿಸೆಂದು ಹೊಗಳುವುದು ಈಗ ರೂಢಿಯಾಗಿದೆ. ಕೃತಕ ಬಣ್ಣ ಇಲ್ಲ, ಸಕ್ಕರೆ ಎಷ್ಟೆಂಬುದು ನಮ್ಮ ಕೈಯಲ್ಲಿದೆ ಎಂಬುದು ಸರಿ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಮಾರ್ಗಸೂಚಿಯಲ್ಲಿ ಮಿತಿಗೊಳಿಸಲು ಹೇಳಿದ ಸಕ್ಕರೆಗಳಲ್ಲಿ ಹಣ್ಣಿನ ರಸದಲ್ಲಿರುವುದೂ ಸೇರಿದೆ. ಹಿಂಡಿ ಸೋಸಿದಾಗ ನಾರು ಹಿಂದೆ ಉಳಿದಿರುತ್ತದೆ. ಜೆಲಾಟಿನ್ ಪ್ರೋಟೀನ್ ಎಂಬ ಹೆಗ್ಗಳಿಕೆಯೂ ಅರ್ಧ ಸತ್ಯ. ದೇಹಕ್ಕೆ ಅಗತ್ಯವಾದ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಅದರಲ್ಲಿ ಇಲ್ಲವೇ ಇಲ್ಲ. ಇದು ಮಿಠಾಯಿ, ಮಿಠಾಯಿಯಾಗಿಯೇ ಚೆನ್ನ. ಜಾರುವ, ಪುಟಿಯುವ ತುಂಡುಗಳು ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನಾಲ್ಕು ವರ್ಷದೊಳಗಿನವರಿಗೆ ಕೊಡದಿರುವುದೇ ಒಳ್ಳೆಯದು.

ಹೊರಗೆ ಹುಳಿಸಕ್ಕರೆ ಸವರುವ ಆಸೆ ಇದ್ದರೆ ತಿನ್ನುವ ಹೊತ್ತಿನವರೆಗೆ ಕಾಯಿರಿ. ಒದ್ದೆಯಾದ ಗಮ್ಮಿಯ ಮೇಲೆ ಸಕ್ಕರೆ ಬಿದ್ದ ಕೂಡಲೇ ಅದು ಒಳಗಿನ ನೀರನ್ನು ಸೆಳೆದುಕೊಂಡು ಕರಗತೊಡಗುತ್ತದೆ, ಕೆಲವೇ ಗಂಟೆಗಳಲ್ಲಿ ತಟ್ಟೆಯ ತುಂಬ ಪಾಕ. ಗಮ್ಮಿಗಳನ್ನು ಒಂದೆರಡು ದಿನ ಫ್ರಿಜ್‌ನೊಳಗೆ ಜಾಲರಿಯ ಮೇಲೆ ತೆರೆದಿಟ್ಟರೆ ಮೇಲ್ಮೈ ಒಣಗಿ ಚರ್ಮ ಕಟ್ಟುತ್ತದೆ. ಆಗ ಸಕ್ಕರೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಗಮ್ಮಿಗೂ ಅಗಿಯುವಂಥ ಬಿಗಿ ಬರುತ್ತದೆ.