ಕಾರಿಗೆ ಎಷ್ಟು ವ್ಯಾಟಿನ ಆಂಪ್ಲಿಫೈಯರ್ ಬೇಕು? ಮೊದಲು ಫ್ಯೂಸ್ ನೋಡಿ

ಪ್ರಶ್ನೆ: ಕಂಪನಿಯಿಂದಲೇ ಬಂದ ಟಚ್‌ಸ್ಕ್ರೀನ್ ಇರುವ ಹ್ಯಾಚ್‌ಬ್ಯಾಕ್ ನನ್ನದು. ಮುಂದಿನ ಬಾಗಿಲಿಗೆ ಒಳ್ಳೆ ಸ್ಪೀಕರ್ ಹಾಕಿಸಿದ್ದೇನೆ, ಆದರೂ ಸೌಂಡ್ ಏರಿಸಿದರೆ ಒಡೆಯುತ್ತದೆ. ಡಿಕ್ಕಿಯಲ್ಲಿ ಒಂದು ಸಬ್‌ವೂಫರ್ ಇಡುವ ಆಸೆಯೂ ಇದೆ. ಸ್ಟೀರಿಯೊ 50 ವ್ಯಾಟ್ × 4 ಅಂತೆ, ಅಂದರೆ 200 ವ್ಯಾಟ್ ಆಗಲೇ ಇದೆಯಲ್ಲ? ಅಂಗಡಿಯವರು ಮಾತ್ರ 1500 ವ್ಯಾಟಿನ ಆಂಪ್ಲಿಫೈಯರ್ ಇಲ್ಲದೆ ಆಗುವುದೇ ಇಲ್ಲ ಅನ್ನುತ್ತಾರೆ. ಯಾವುದು ತಗೊಳ್ಳಲಿ, ವೈರಿಂಗ್ ಹೇಗೆ ಮಾಡಿಸಲಿ?

ಉತ್ತರ: ಆಂಪ್ಲಿಫೈಯರ್ ಬೇಕು, ಅಂಗಡಿಯವರ ಆ ಮಾತು ನಿಜ. 1500 ವ್ಯಾಟ್ ಅನ್ನುವುದನ್ನು ಡಬ್ಬಿಯ ಮೇಲೇ ಬಿಟ್ಟುಬಿಡಿ. ನಿಮ್ಮ 200 ವ್ಯಾಟ್ ಕೂಡ ಅಲ್ಲಿಗೇ ಸೇರಿದ್ದು.

ಆ 50 ವ್ಯಾಟ್ ಎಲ್ಲಿಂದ ಬಂತು ನೋಡೋಣ. ಇಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಸ್ಟೀರಿಯೊ ಒಳಗಿರುವ ಪುಟ್ಟ ಐಸಿ (ಚಿಪ್) ಈ ವೋಲ್ಟೇಜನ್ನು ಏರಿಸಿಕೊಳ್ಳುವುದಿಲ್ಲ, ಬಂದದ್ದನ್ನೇ ಸ್ಪೀಕರುಗಳಿಗೆ ಬಡಿಸುತ್ತದೆ. 4 ಓಮ್ ತಡೆ (ರೆಸಿಸ್ಟೆನ್ಸ್) ಇರುವ ಸ್ಪೀಕರಿಗೆ ಆ 14.4 ವೋಲ್ಟನ್ನು ಪೂರ್ತಿ ಕೊಟ್ಟರೆ 14.4 × 14.4 ÷ 4, ಅಂದರೆ 51.8 ವ್ಯಾಟ್. ಸ್ಟಿಕ್ಕರಿನ 50 ಇದೇ. ಆದರೆ ಅಷ್ಟು ಸಿಗಬೇಕಾದರೆ ಹಾಡಿನ ಅಲೆಯ ತಲೆ ಬುಡ ಎರಡೂ ಕತ್ತರಿಸಿ ಚೌಕವಾಗಿರಬೇಕು. ನೀವು "ಒಡೆಯುತ್ತದೆ" ಅಂದಿರಲ್ಲ, ಅದೇ ಇದು. ಅಲೆ ದುಂಡಗೇ ಇರಬೇಕೆಂದರೆ ಲೆಕ್ಕ ನೇರ ಅರ್ಧಕ್ಕೆ ಇಳಿದು 26 ಆಗುತ್ತದೆ. ಐಸಿ ತಾನು ನುಂಗುವುದನ್ನು ಕಳೆದರೆ ಸ್ಪೀಕರಿಗೆ ಮುಟ್ಟುವುದು 15ರಿಂದ 20 ವ್ಯಾಟ್.

ಡೊಳ್ಳಿನ ಒಂದು ಏಟು ಬಂದಾಗ ಇಷ್ಟರಲ್ಲಿ ಏನೂ ಆಗುವುದಿಲ್ಲ. ಬೇರೆ ಆಂಪ್ಲಿಫೈಯರ್ ಹಾಕುವುದು ಇದಕ್ಕೇ. ಅದರೊಳಗೆ ಬ್ಯಾಟರಿಯ ವೋಲ್ಟೇಜನ್ನು ಎರಡು ಮೂರು ಪಟ್ಟು ಏರಿಸಿಕೊಳ್ಳುವ ಸರ್ಕ್ಯೂಟ್ ಇರುತ್ತದೆ, ಅಲೆ ಎದ್ದು ಬೀಳಲು ಜಾಗ ಸಿಗುತ್ತದೆ.

ಹಾಗಾದರೆ ಅಂಗಡಿಯವರ 1500? ಟೂ-ಇನ್-ಒನ್ ಕಾಲದ ಪಿಎಂಪಿಒ ಎಂಬ ಉಬ್ಬಿಸಿದ ವ್ಯಾಟ್ ಲೆಕ್ಕ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟಾರ್ಚಿನ ಸೆಲ್ಲಿನಲ್ಲಿ ಓಡುವ ಟೇಪ್‌ರೆಕಾರ್ಡರಿನ ಎದೆ ಮೇಲೆ ಸಾವಿರ ವ್ಯಾಟಿನ ಸ್ಟಿಕ್ಕರ್ ಹೊಳೆಯುತ್ತಿತ್ತು. ಆ ಸ್ಟಿಕ್ಕರ್ ಈಗ "ಮ್ಯಾಕ್ಸ್", "ಪೀಕ್" ಎಂದು ಹೆಸರು ಬದಲಿಸಿಕೊಂಡು ಕಾರಿಗೆ ಬಂದಿದೆ. ನಿಮಗೆ ಬೇಕಾದದ್ದು ಆರ್‌ಎಂಎಸ್, ಅಂದರೆ ಬಿಡದೆ ಕೊಡಬಲ್ಲ ವ್ಯಾಟ್. ಪೆಟ್ಟಿಗೆಯ ಮೇಲೆ ಸಿಟಿಎ-2006 (ಹಳೆಯ ಹೆಸರು ಸಿಇಎ-2006) ಎಂದಿದ್ದರೆ 14.4 ವೋಲ್ಟಿನಲ್ಲಿ, 4 ಓಮ್‌ಗೆ, ಶೇ. 1ಕ್ಕಿಂತ ಹೆಚ್ಚು ಒಡೆಯದಂತೆ ಅಳೆದ ವ್ಯಾಟ್ ಎಂದು ನಂಬಬಹುದು.

ಅದೂ ಇಲ್ಲದಿದ್ದರೆ ಆಂಪ್ಲಿಫೈಯರನ್ನು ಕೈಗೆ ತಗೊಂಡು ವೈರ್ ಸಿಕ್ಕಿಸುವ ಬದಿ ತಿರುಗಿಸಿ. ಅಲ್ಲಿ ಬಣ್ಣದ ಫ್ಯೂಸ್ ಇರುತ್ತದೆ, ಹಸಿರಾದರೆ 30 ಆಂಪಿಯರ್. 30 × 14 = 420. ಬ್ಯಾಟರಿಯಿಂದ ಒಳಗೆ ಹೋಗುವುದೇ ಸುಮಾರು 420 ವ್ಯಾಟ್. ಅದು ಕ್ಲಾಸ್ ಎಬಿ ಎಂಬ ಬಗೆಯ ಆಂಪ್ಲಿಫೈಯರ್ ಆಗಿದ್ದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬಿಸಿಯಾಗಿ ಹೋಗುತ್ತದೆ, 230ರ ಆಸುಪಾಸು ಸ್ಪೀಕರಿಗೆ ಬರುತ್ತದೆ. ಕ್ಲಾಸ್ ಡಿ ಆದರೆ ನೂರಕ್ಕೆ ಎಂಬತ್ತು ಹೊರಬರುತ್ತದೆ, ಅಂದರೆ 330 ಚಿಲ್ಲರೆ. 420 ಒಳಗೆ ಹೋಗಿ 1500 ಹೊರಗೆ ಬರುವುದಾದರೆ ನಾವು ಶರಾವತಿಗೆ ಅಣೆಕಟ್ಟು ಕಟ್ಟಬೇಕಿರಲಿಲ್ಲ, ಜೆ.ಸಿ. ರಸ್ತೆಯಿಂದ ನಾಲ್ಕು ಡಬ್ಬಿ ತಂದಿಟ್ಟಿದ್ದರೆ ಸಾಕಿತ್ತು. ಫ್ಯೂಸ್ ಲೆಕ್ಕ ಗೆರೆ ಕೊರೆದಂತೆ ನಿಖರವಲ್ಲ. ಕ್ಷಣಕಾಲ ಹೆಚ್ಚು ಕರೆಂಟ್ ಹರಿದರೆ ಫ್ಯೂಸ್ ತಡೆದುಕೊಳ್ಳುತ್ತದೆ, ಕೆಲವು ತಯಾರಕರು ಬೇಕೆಂದೇ ದೊಡ್ಡ ಫ್ಯೂಸ್ ಹಾಕಿರುತ್ತಾರೆ. ಆದರೂ 300ರದ್ದೋ 1500ರದ್ದೋ ಎಂದು ತಿಳಿಯಲು ಇಷ್ಟು ಸಾಕು.

ನಿಮ್ಮ ಗಾಡಿಗೆ ನಾನಾದರೆ ನಾಲ್ಕು ಚಾನೆಲ್ಲಿನ (ಸ್ಪೀಕರಿಗೆ ನಾಲ್ಕು ಬೇರೆ ಬೇರೆ ಔಟ್‌ಪುಟ್ ಇರುವ), 4 ಓಮ್‌ಗೆ ಚಾನೆಲ್ಲಿಗೆ 75 ವ್ಯಾಟ್ ಆರ್‌ಎಂಎಸ್ ಇರುವ ಕ್ಲಾಸ್ ಡಿ ಆಂಪ್ಲಿಫೈಯರ್ ಹುಡುಕುತ್ತೇನೆ. ಎರಡು ಚಾನೆಲ್ ಮುಂದಿನ ಬಾಗಿಲುಗಳಿಗೆ. ಉಳಿದೆರಡನ್ನು ಬ್ರಿಡ್ಜ್ ಮಾಡಿ, ಅಂದರೆ ಒಂದೇ ಔಟ್‌ಪುಟ್ ಆಗುವಂತೆ ಸೇರಿಸಿ, ಸಬ್‌ವೂಫರಿಗೆ ಕೊಟ್ಟರೆ ಸುಮಾರು 200 ವ್ಯಾಟ್ ಸಿಗುತ್ತದೆ. ಹ್ಯಾಚ್‌ಬ್ಯಾಕಿನ ಡಿಕ್ಕಿಗೆ ಅದು ಧಾರಾಳ. ಹಿಂದಿನ ಸ್ಪೀಕರುಗಳು ಸ್ಟೀರಿಯೊ ಮೇಲೇ ಓಡಿಕೊಂಡಿರಲಿ, ಹಿಂದೆ ಕೂತವರು ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಬ್ರಿಡ್ಜ್ ಮಾಡುವಾಗ ಎಡವುವುದು ಓಮ್‌ನಲ್ಲಿ. ಎರಡು ಚಾನೆಲ್ ಸೇರಿ 4 ಓಮ್ ಸಬ್‌ವೂಫರನ್ನು ಎಳೆದರೆ ಒಂದೊಂದು ಚಾನೆಲ್ಲಿಗೂ ಅದು 2 ಓಮ್ ಆಗಿ ಕಾಣುತ್ತದೆ, 75ರ ಬದಲು ನೂರರಷ್ಟು ಕೊಡುವುದು ಅದಕ್ಕೇ. ಬಹುತೇಕ ನಾಲ್ಕು ಚಾನೆಲ್ಲಿನವು ಇಳಿಯಬಲ್ಲದ್ದು ಅಷ್ಟಕ್ಕೇ. ಈಗ ನೀವು ಎರಡು ಕಾಯಿಲ್ ಇರುವ 4+4 ಓಮ್ ಸಬ್‌ವೂಫರ್ ತಂದಿರೆಂದುಕೊಳ್ಳಿ. ಕಾಯಿಲ್ ಎರಡನ್ನೂ ಪ್ಯಾರಲಲ್ ಕೊಟ್ಟರೆ 2 ಓಮ್, ಚಾನೆಲ್ಲಿಗೆ 1 ಓಮ್. ಹತ್ತು ನಿಮಿಷದಲ್ಲಿ ಆಂಪ್ಲಿಫೈಯರ್ ಕಾದು ಕೆಂಪು ದೀಪ ಹಾಕಿಕೊಂಡು ಕೂರುತ್ತದೆ. ಸೀರೀಸ್ ಕೊಟ್ಟರೆ 8 ಓಮ್, ಸುರಕ್ಷಿತ, ಆದರೆ 200ರ ಬದಲು 150 ವ್ಯಾಟಿಗೇ ನಿಲ್ಲುತ್ತದೆ. ಹಾಗಾಗಿ ಬ್ರಿಡ್ಜಿಗೆ ಒಂದೇ ಕಾಯಿಲಿನ 4 ಓಮ್, ಇಲ್ಲವೇ ಸೀರೀಸಿನಲ್ಲಿ 4 ಆಗುವ 2+2 ಓಮ್ ಕೇಳಿ ತಗೊಳ್ಳಿ. ಬಿಲ್ ಆದ ಮೇಲೆ ಇದು ಹೊಳೆದರೆ ಪ್ರಯೋಜನವಿಲ್ಲ.

ಇನ್ನು ವೈರಿಂಗ್. ದುಡ್ಡು ಉಳಿಸಲು ಜನ ಕೈ ಹಾಕುವುದು ಇಲ್ಲೇ, ಹಾಕಬಾರದ್ದೂ ಇಲ್ಲೇ. ಮನೆಯ 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 9 ಆಂಪಿಯರಿಗಿಂತ ಕಡಿಮೆ, ಅದಕ್ಕೆ 2.5 ಸ್ಕ್ವೇರ್ ಎಂಎಂ ವೈರ್ ಸಾಕು. ನಿಮ್ಮ ಆಂಪ್ಲಿಫೈಯರ್ ಪೂರ್ತಿ ದುಡಿದಾಗ ಒಳಗೆ ಎಳೆಯುವುದು 450 ವ್ಯಾಟಿನಷ್ಟೇ, ಆದರೆ 13.8 ವೋಲ್ಟಿನಲ್ಲಿ ಅದು 33 ಆಂಪಿಯರ್. ಗೀಸರಿನ ಕಾಲು ಭಾಗ ವ್ಯಾಟಿಗೆ ಸುಮಾರು ನಾಲ್ಕು ಪಟ್ಟು ಕರೆಂಟ್. ಬಾನೆಟ್ಟಿನಿಂದ ಡಿಕ್ಕಿವರೆಗೆ ಐದು ಮೀಟರ್ ವೈರ್ ಬೇಕು. 8 ಗೇಜ್, ಅಂದರೆ 8.4 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 40 ಆಂಪಿಯರ್ ಹರಿದರೆ ದಾರಿಯಲ್ಲೇ 0.4 ವೋಲ್ಟ್ ಸೋರುತ್ತದೆ. 4 ಗೇಜ್, 21 ಸ್ಕ್ವೇರ್ ಎಂಎಂ ಆದರೆ 0.16. ನನ್ನ ಓಟು 4 ಗೇಜಿಗೆ.

ಅಂಗಡಿಯಲ್ಲಿ "ಫುಲ್ ಕಿಟ್ ಇದೆ ಸಾರ್" ಎಂದು ಪ್ಲಾಸ್ಟಿಕ್ ಕವರಿನಲ್ಲಿ ಕೊಡುವ ವೈರ್ ಬಹುಮಟ್ಟಿಗೆ ಸಿಸಿಎ, ಅಂದರೆ ತಾಮ್ರ ಬಳಿದ ಅಲ್ಯೂಮಿನಿಯಂ. ಕರೆಂಟ್ ಸಾಗಿಸುವುದರಲ್ಲಿ ಅದು ತಾಮ್ರದ ಮೂರನೇ ಎರಡರಷ್ಟೂ ಇಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಹೊಳೆದರೆ ಅದೇ. ಕೈಯಲ್ಲಿ ತೂಗಿದರೂ ಗೊತ್ತಾಗುತ್ತದೆ, ತಾಮ್ರದ ಅರ್ಧ ತೂಕವೂ ಇರುವುದಿಲ್ಲ. ಇನ್ನು ಕೆಲವು ವೈರುಗಳು ಹೊರಗೆ ಹೆಬ್ಬೆರಳಿನಷ್ಟು ದಪ್ಪ, ಸೀಳಿದರೆ ಒಳಗೆ ಲೋಹ ಶೇಂಗಾ ಬೀಜದಷ್ಟು. ತುದಿ ನೋಡದೆ ವೈರ್ ಕೊಳ್ಳಬೇಡಿ.

ಬ್ಯಾಟರಿಯ ಪ್ಲಸ್‌ನಿಂದ ಹೊರಟ ಈ ವೈರಿಗೆ ಒಂದೂವರೆ ಅಡಿಯೊಳಗೆ ಫ್ಯೂಸ್ ಬೇಕು. "ಆಂಪ್ಲಿಫೈಯರಿನಲ್ಲೇ ಫ್ಯೂಸ್ ಇದೆಯಲ್ಲ ಅಣ್ಣ, ಇನ್ನೊಂದ್ಯಾಕೆ?" ಎಂದು ಫಿಟ್ ಮಾಡುವ ಹುಡುಗ ಕೇಳುತ್ತಾನೆ. ಆಂಪ್ಲಿಫೈಯರಿನ ಫ್ಯೂಸ್ ಆಂಪ್ಲಿಫೈಯರಿಗೆ. ಬ್ಯಾಟರಿ ಬುಡದ್ದು ವೈರಿಗೆ. ನಡುವಿನ ಐದು ಮೀಟರಿನಲ್ಲಿ ಎಲ್ಲಾದರೂ ಇನ್ಸುಲೇಷನ್ ಸವೆದು ಕಾರಿನ ಬಾಡಿಯ ತಗಡಿಗೆ ತಗುಲಿದರೆ ಬ್ಯಾಟರಿ ತನ್ನ ಬಳಿ ಇರುವ ಅಷ್ಟೂ ಕರೆಂಟನ್ನು, ನೂರಾರು ಆಂಪಿಯರ್, ಅಲ್ಲಿ ಸುರಿಯುತ್ತದೆ. ಹಿಂದಿರುವ ಫ್ಯೂಸಿಗೆ ಸುದ್ದಿಯೂ ಮುಟ್ಟುವುದಿಲ್ಲ. ಕಾರಿಗೆ ಬೆಂಕಿ ಹತ್ತುವುದು ಹೀಗೆ. ನಿಮ್ಮ ಲೆಕ್ಕಕ್ಕೆ 50 ಆಂಪಿಯರಿನ ಫ್ಯೂಸ್ ಸರಿ. ಅದು ಹಾರಿತೆಂದು ಮನಸ್ಸಿಗೆ ಬಂದಷ್ಟು ದೊಡ್ಡದು ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಫ್ಯೂಸ್ ಆಗುತ್ತದೆ. ಇಂಜಿನ್ ಕಡೆಯಿಂದ ಒಳಗೆ ವೈರ್ ನುಸುಳುವ ತೂತಿನಲ್ಲಿ ರಬ್ಬರ್ ಬಳೆ (ಗ್ರೋಮೆಟ್) ಇದೆಯೇ ಎಂದು ನೀವೇ ಬಗ್ಗಿ ನೋಡಿ. ತಗಡಿನ ಅಂಚು ಕತ್ತಿ ಇದ್ದ ಹಾಗೆ.

ಅರ್ತ್ ವೈರನ್ನು ಬ್ಯಾಟರಿವರೆಗೆ ಎಳೆಯಬೇಕಿಲ್ಲ. ಪ್ಲಸ್‌ನಷ್ಟೇ ದಪ್ಪದ, ಒಂದೆರಡು ಅಡಿಯ ವೈರನ್ನು ಡಿಕ್ಕಿಯಲ್ಲೇ ಬಾಡಿಯ ತಗಡಿಗೆ ಬಿಗಿದರಾಯಿತು. ಈ ಸುಲಭದ ಕೆಲಸದಲ್ಲಿ ಮುಗ್ಗರಿಸಿದ್ದು ನಾನೇ. ಹಳೇ ಕಾರಿಗೆ ಮೊದಲ ಸಲ ಸ್ವತಃ ಆಂಪ್ಲಿಫೈಯರ್ ಕೂರಿಸಿದಾಗ ಅರ್ತ್ ಲಗ್ಗನ್ನು (ವೈರ್ ತುದಿಯ ಲೋಹದ ಬಳೆ) ಪೇಂಟಿನ ಮೇಲೇ ಸ್ಕ್ರೂ ಬಿಗಿದು ಬಿಟ್ಟಿದ್ದೆ. ಊರೊಳಗೆ ಏನೂ ತಿಳಿಯಲಿಲ್ಲ. ಶಿರಾಡಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ "ಕುಂಯ್ಯ್" ಎಂದು ಏರುತ್ತದೆ, ಗೇರ್ ಬದಲಿಸಿದರೆ ಇಳಿಯುತ್ತದೆ. ಹಿಂದಿನ ಸೀಟಿನಿಂದ ಅತ್ತೆ "ಗಾಡಿಯೊಳಗೆ ಸೊಳ್ಳೆ ಸೇರಿಕೊಂಡಿದೆಯೇನೋ ನೋಡಪ್ಪಾ" ಅಂದರು. ಆಲ್ಟರ್ನೇಟರಿನ ಸದ್ದು ಕೆಟ್ಟ ಅರ್ತಿನ ದಾರಿ ಹಿಡಿದು, ಸ್ಟೀರಿಯೊದ ಸಿಗ್ನಲ್ ತರುವ ಆರ್‌ಸಿಎ ಕೇಬಲ್ಲಿಗೆ ಹೊಕ್ಕಿತ್ತು. ಮರುದಿನ ಉಪ್ಪುಕಾಗದದಲ್ಲಿ ಪೇಂಟ್ ಉಜ್ಜಿ, ತಗಡು ಬೆಳ್ಳಗೆ ಕಂಡ ಮೇಲೆ ಲಗ್ ಬಿಗಿದು, ಮೇಲೆ ಒಂದು ಪದರ ಗ್ರೀಸ್ ಸವರಿದೆ. ಸೊಳ್ಳೆ ಹೋಯಿತು. ಸೀಟ್ ಬೆಲ್ಟಿನ ಬೋಲ್ಟಿಗೆ ಮಾತ್ರ ಅರ್ತ್ ಕೊಡಬೇಡಿ, ಅದು ಜೀವ ಹಿಡಿಯುವ ಬೋಲ್ಟ್.

ಕಂಪನಿ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಆರ್‌ಸಿಎ ಔಟ್‌ಪುಟ್ ಇರುವುದಿಲ್ಲ. ಅದಕ್ಕೆ ಹೈ-ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಕೇಳಿ. ಸ್ಪೀಕರ್ ವೈರನ್ನೇ ಅದು ಸಿಗ್ನಲ್ ಆಗಿ ತೆಗೆದುಕೊಳ್ಳುತ್ತದೆ, ಹಲವು ಮಾಡೆಲ್‌ಗಳು ಸಿಗ್ನಲ್ ಬಂದ ಕೂಡಲೇ ತಾವೇ ಆನ್ ಆಗುತ್ತವೆ. ಆಗದಿದ್ದರೆ ಚಾವಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಯಿಂದ, ಆಂಪ್ಲಿಫೈಯರನ್ನು ಆನ್ ಮಾಡುವ ರಿಮೋಟ್ ವೈರ್ ಎಳೆಯಬೇಕು. ಸದಾ ಕರೆಂಟ್ ಇರುವ ಕಡೆಗೆ ಕೊಟ್ಟರೆ ಒಂದೆರಡು ದಿನ ನಿಂತ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬೇಕಾದೀತು. ವೈರ್ ಕತ್ತರಿಸಲು ಬಿಡಬೇಡಿ, ನಿಮ್ಮ ಮಾಡೆಲ್ಲಿಗೆ ಹಾಗೇ ಸಿಕ್ಕಿಸುವ ಕಪ್ಲರ್ (ಕನೆಕ್ಟರ್) ಸಿಗುತ್ತದೆ. "ಕಪ್ಲರ್ ಟು ಕಪ್ಲರ್" ಎಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ, ನಾಳೆ ವಾರಂಟಿಯ ತಕರಾರೂ ಕಡಿಮೆ. ಸ್ಟೀರಿಯೊದ ಸ್ಪೀಕರ್ ಮೈನಸ್ ಅರ್ತ್ ಅಲ್ಲ ಎಂಬುದನ್ನೂ ಹೇಳಿಬಿಡಿ. ಅದನ್ನು ಬಾಡಿಯ ತಗಡಿಗೆ ತಾಗಿಸಿದರೆ ಒಳಗಿನ ಐಸಿಗೆ ತಿಥಿ.

ಕೊನೆಗೆ ಉಳಿಯುವುದು ಗೇನ್ ಎಂಬ ತಿರುಪು. ಅದು ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲ್ಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ಅಳತೆ. ಪೂರ್ತಿ ತಿರುಗಿಸಿದರೆ ವ್ಯಾಟ್ ಹೆಚ್ಚುವುದಿಲ್ಲ, ಅಲೆ ಬೇಗ ಚೌಕವಾಗುತ್ತದೆ, ಮೊದಲು ಸುಡುವುದು ಟ್ವೀಟರ್, ಅಂದರೆ ಕೀಚು ದನಿಯ ಪುಟ್ಟ ಸ್ಪೀಕರ್. ಕಿವಿಯ ಮೇಲೆ ಭಾರ ಹಾಕುವ ಬದಲು ಮಲ್ಟಿಮೀಟರ್ ಹಿಡಿಯಿರಿ. ಬೇಸ್, ಟ್ರೆಬಲ್ ಸೊನ್ನೆಗೆ ತಂದು, ಫಿಲ್ಟರ್ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ, ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು ಟೆಸ್ಟ್ ಟೋನ್ (ಒಂದೇ ಶ್ರುತಿಯ ಸದ್ದು) ಹಾಕಿ. ಅಗ್ಗದ ಮೀಟರುಗಳು ಸುಮಾರು 400 ಹರ್ಟ್ಸ್ ದಾಟಿದರೆ ತಪ್ಪು ಓದುತ್ತವೆ, ಹಾಗಾಗಿ ಬಾಗಿಲಿಗೆ 300, ಸಬ್‌ವೂಫರಿಗೆ 50 ಹರ್ಟ್ಸ್ ಟೋನ್ ಇರಲಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. ನಿಮ್ಮ ಬಾಗಿಲ ಸ್ಪೀಕರ್ 60 ವ್ಯಾಟ್ ಆರ್‌ಎಂಎಸ್ ಎಂದುಕೊಂಡರೆ 60 × 4 = 240, ಅದರ ವರ್ಗಮೂಲ 15.5. ಎಸಿ ವೋಲ್ಟಿನಲ್ಲಿ ಮೀಟರ್ 15.5 ತೋರಿಸುವಷ್ಟಕ್ಕೆ ಗೇನ್ ನಿಲ್ಲಿಸಿ. 200 ವ್ಯಾಟಿನ ಸಬ್‌ವೂಫರಿಗೆ 28.3. ಫಿಲ್ಟರನ್ನು ಆಮೇಲೆ ಆನ್ ಮಾಡಿ, ಬಾಗಿಲಿಗೆ 80 ಹರ್ಟ್ಸ್‌ನಿಂದ ಮೇಲಿನದು, ಸಬ್‌ವೂಫರಿಗೆ ಅದರಿಂದ ಕೆಳಗಿನದು. ಬೇಸ್ ಬೂಸ್ಟ್ ಎಂಬ ಬಟನ್ ಇದ್ದರೆ ಮುಟ್ಟಬೇಡಿ.

ಕ್ಷಣಕಾಲದ ಕರೆಂಟ್ ಕೂಡಿಡುವ, ನೀಲಿ ದೀಪ ಮಿನುಗುವ ಕ್ಯಾಪಾಸಿಟರನ್ನು ಕೊನೆಯಲ್ಲಿ ತೋರಿಸುತ್ತಾರೆ. ಇಷ್ಟು ವ್ಯಾಟಿಗೆ ಅದು ಬೇಡ, ಬ್ಯಾಟರಿ ಹಳತಾಗಿದ್ದರೆ ಆ ದುಡ್ಡು ಬ್ಯಾಟರಿಗೆ ಹಾಕಿ. ಫಿಟ್ಟಿಂಗ್ ಮುಗಿದ ಮೇಲೆ ಅರ್ಧ ಗಂಟೆ ಜೋರಾಗಿ ಹಾಡು ಹಾಕಿಕೊಂಡು ಓಡಿಸಿ, ಇಂಜಿನ್ ನಿಲ್ಲಿಸಿ ಬಾನೆಟ್ ಎತ್ತಿ. ಫ್ಯೂಸ್ ಹೋಲ್ಡರನ್ನೂ ಅದರ ಪಕ್ಕದ ವೈರನ್ನೂ ಮುಟ್ಟಿ ನೋಡಿ. ಹೋಲ್ಡರ್ ಮಾತ್ರ ವೈರಿಗಿಂತ ಬಿಸಿಯಾಗಿದ್ದರೆ ಸ್ಕ್ರೂ ಸಡಿಲ ಇದೆ. ಗಾಡಿ ಅಂಗಡಿ ಮುಂದೆ ಇರುವಾಗಲೇ ಬಿಗಿ ಮಾಡಿಸಿಕೊಳ್ಳಿ.